ಕಟ್ಟೆ ಪಾಸು, ಅತ್ತೆ ನಪಾಸು

ಇವರಿಗೆ,
ಅಡುಗೆ ಅನಿಲ ಸುರಕ್ಷತಾ ಪರಿವೀಕ್ಷಕರು,
ಇಂಡಿ ಭಾಗ

ಮಾನ್ಯ ಪರಿವೀಕ್ಷಕರೇ,

ಹೋದ ವಾರ ತಾವು ಸಾಲೋಟಗಿಯ ನಮ್ಮ ಮನೆಗೆ ದಯಮಾಡಿಸಿ, ಗ್ಯಾಸಿನ ಒಲೆಯನ್ನು ಪಾಸು ಮಾಡಿದಿರಿ, ಕೊಳವೆಯನ್ನು ಪಾಸು ಮಾಡಿದಿರಿ, ಕಿಟಕಿಯನ್ನು ತೆರೆದು ಮುಚ್ಚಿ ನೋಡಿ ಅದನ್ನೂ ಪಾಸು ಮಾಡಿದಿರಿ, ಕಟ್ಟೆಗೆ ಟೇಪು ಹಿಡಿದು ಅಳೆದು ಭೇಷ್ ಎಂದಿರಿ, ಕೊನೆಗೆ ನಮ್ಮ ಅತ್ತೆಯವರನ್ನು ನಪಾಸು ಮಾಡಿ ಹೊರಟುಹೋದಿರಿ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಪಾಸು ಮಾಡಿ ಬೈಸಿಕೊಂಡ ಅನುಭವ ನನಗೂ ಸಾಕಷ್ಟಿದೆ. ಆದರೆ ಯಾವ ಉತ್ತರ ತಪ್ಪಾಯಿತೆಂದು ಹೇಳದೆ ಯಾವ ಮಗುವನ್ನೂ ಮನೆಗೆ ಕಳಿಸಿಲ್ಲ. ನಮ್ಮ ಅತ್ತೆ ಸೀತವ್ವನವರು ಮಾಡಿದ್ದಾದರೂ ಏನು? ತಮ್ಮ ಕಣ್ಣೆದುರೇ ಅಡುಗೆ ಮಾಡಲು ಕುಳಿತುಕೊಂಡರು. ಕುಳಿತುಕೊಳ್ಳುವುದು ಅಪರಾಧವೆಂದು ನಾನು ಕೇಳಿದ್ದು ಇದೇ ಮೊದಲು. ಕಚೇರಿಗಳಲ್ಲಂತೂ ಅದಕ್ಕೇ ಸಂಬಳ ಕೊಡುತ್ತಾರೆ.

ಸೊಸೆಯೊಬ್ಬಳು ಅತ್ತೆಯ ಪರವಾಗಿ ಪತ್ರಿಕೆಯಲ್ಲಿ ಹೀಗೆ ಬಹಿರಂಗ ಪತ್ರ ಬರೆಯುತ್ತಿದ್ದಾಳೆಂದರೆ ಇದರಲ್ಲೇನೋ ಒಳಸಂಚಿದೆ ಎಂದು ಓದುಗರಿಗೆ ಅನ್ನಿಸೀತು. ಇದೆ. ಮುಚ್ಚಿಡುವುದಿಲ್ಲ. ನನಗೆ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲ. ಸಿಂದಗಿಯಲ್ಲಿ ಹುಟ್ಟಿ ಬೆಳೆದು ರೊಟ್ಟಿ ಬಾರದಿರುವುದು ಸಣ್ಣ ಅವಮಾನವಲ್ಲ. ನಮ್ಮ ತಾಯಿಯಂತೂ ಮದುವೆ ಮಾತುಕತೆಯಲ್ಲಿ ಈ ಸಂಗತಿಯನ್ನು ಜಾತಕದ ದೋಷದಂತೆ ನಾಜೂಕಾಗಿ ದಾಟಿಸಿದ್ದರು. ನನ್ನ ರೊಟ್ಟಿ ಕೈಯಿಂದ ಹಂಚಿಗೆ ಹೋಗುವ ದಾರಿಯಲ್ಲೇ ಹರಿಯುತ್ತದೆ. ಮದುವೆಯಾದ ಹೊಸದರಲ್ಲಿ ಅತ್ತೆ ಅದನ್ನು ಕಂಡು ಕೊಣಮಿಗಿಯನ್ನು, ಅಂದರೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಆ ಕಟ್ಟಿಗೆಯ ಹರಿವಾಣವನ್ನು, ತಮ್ಮ ಕಡೆ ಎಳೆದುಕೊಂಡರು. ಬೈಯಲಿಲ್ಲ, ಬಿರುಸು ಮಾತೊಂದನ್ನೂ ಆಡಲಿಲ್ಲ. "ನೀ ಸಾಲಿಗಿ ಹೋಗು. ಇದು ನನಗಿರಲಿ" ಎಂದರು. ಅಂದಿನಿಂದ ಈ ಮನೆ ನಡೆದದ್ದು ಆ ಒಂದು ಒಪ್ಪಂದದ ಮೇಲೆ.

ಹೊಗೆಯ ದೆಸೆಯಿಂದ ಒಪ್ಪಂದಕ್ಕೆ ಕುತ್ತು ಬಂತು. ಅತ್ತೆಗೆ ಕಣ್ಣಿನ ಆಪರೇಷನ್ ಆದ ಮೇಲೆ ಡಾಕ್ಟರು ಕಟ್ಟಿಗೆ ಒಲೆಯ ಹತ್ತಿರ ಸುಳಿಯಲೇಕೂಡದು ಎಂದರು. ನಮ್ಮ ಮನೆಯವರು, ಮುತ್ತುರಾಜ, ಇಂಡಿಯಲ್ಲಿ ಪಂಪ್‌ಸೆಟ್ ಮೋಟಾರುಗಳ ತಂತಿ ಸುತ್ತುವ ಅಂಗಡಿ ಇಟ್ಟವರು. ಜಗತ್ತಿನ ಸಕಲ ಕಷ್ಟಕ್ಕೂ ಕರೆಂಟೇ ಮದ್ದು ಎಂದು ನಂಬಿದ ಭಕ್ತ. ಡಾಕ್ಟರ ಬಾಯಿಂದ ಮಾತು ಬಿದ್ದದ್ದೇ ತಡ, ಮಣ್ಣಿನ ಒಲೆಯನ್ನು ಒಡೆದುಹಾಕಿ, ಸೊಲ್ಲಾಪುರಕ್ಕೆ ಹೋಗಿ, ಕರೀ ಗಾಜಿನ ಹಾಸಿನ, ಸೊಂಟದೆತ್ತರದ ಕರೆಂಟಿನ ಒಲೆಯೊಂದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಕೆಳಗೆ ಕೇಕು ಬೇಯಿಸುವ ಗೂಡು ಬೇರೆ. ಸಾಲೋಟಗಿಯಲ್ಲಿ ಕೇಕಿಗಾಗಿ ಯಾರು ಅಳುತ್ತಿದ್ದರೋ ನನಗೆ ತಿಳಿಯದು. ಆ ಗೂಡಿನಲ್ಲಿ ನಾವು ಈರುಳ್ಳಿ ಇಟ್ಟೆವು.

ಮೊದಲ ದಿನವೇ ಅತ್ತೆ ಆ ಗಾಜಿನ ಹಾಸನ್ನು ಸವರಿ ನೋಡಿ, ನುಣುಪಾಗಿದೆಯೆಂದು ಮೆಚ್ಚಿ, ಅದರ ಮೇಲೆಯೇ ಹಿಟ್ಟಿಟ್ಟು ರೊಟ್ಟಿ ಬಡಿಯಲು ಶುರು ಮಾಡಿದರು. ಮೂರನೆಯ ರೊಟ್ಟಿಗೆ ಗಾಜು ಬಿರುಕು ಬಿಟ್ಟಿತು. ಮಗ ತಲೆಯ ಮೇಲೆ ಕೈ ಹೊತ್ತು ಕುಳಿತರೆ ಅವರಿಗೆ ಆಶ್ಚರ್ಯ. "ಇಷ್ಟ ಚಂದದ ಕಲ್ಲ ಕೊಟ್ಟು ಬಡೀಬ್ಯಾಡ ಅಂದ್ರ ಹ್ಯಾಂಗೋ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ಬಿರುಕು ಬಿಟ್ಟರೂ ಒಲೆ ಕಾಯುತ್ತಿತ್ತು. ಆದರೆ ರೊಟ್ಟಿ ಆಗುತ್ತಿರಲಿಲ್ಲ. ಬಯಲುಸೀಮೆಯ ಅನ್ನ ತಿಂದವರಾದ ತಮಗೆ ಇದನ್ನು ನಾನು ವಿವರಿಸಬೇಕೇ? ರೊಟ್ಟಿಯನ್ನು ಹಂಚಿನ ಮೇಲೆ ನೀರು ಸವರಿ ಬೇಯಿಸುವುದು ಅರ್ಧ ಕೆಲಸ. ಉಳಿದರ್ಧ, ಅದನ್ನು ಕೆಂಡದ ಅಥವಾ ಉರಿಯ ಮುಂದೆ ಹಿಡಿದು ಉಬ್ಬಿಸುವುದು. ಕರೆಂಟಿನ ಒಲೆಗೆ ಉರಿಯೇ ಇಲ್ಲ. ನಡುವೆ ಸೀದು ಅಂಚಿನಲ್ಲಿ ಹಸಿ ಉಳಿದ ರೊಟ್ಟಿಯನ್ನು ಅತ್ತೆ ಆಚೆ ಈಚೆ ತಿರುಗಿಸಿ ನೋಡಿ ದನದ ಬಕೆಟ್ಟಿಗೆ ಹಾಕುತ್ತಿದ್ದರು. ಇನ್ನು ನಸುಕಿನಲ್ಲಿ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಎದ್ದವೆಂದರೆ ಒಲೆ ಉಗುರುಬೆಚ್ಚಗಾಗಿ ಸುಮ್ಮನಾಗುತ್ತಿತ್ತು. ಊರಿನ ಲಿಂಬೆಗಿಡಗಳು ನೀರು ಕುಡಿದು ಮುಗಿಸುವ ತನಕ ನಮ್ಮ ಮನೆಯ ಮನುಷ್ಯರಿಗೆ ಚಹಾ ಇಲ್ಲ. ಆ ಪಂಪುಗಳ ಮೋಟಾರನ್ನೆಲ್ಲ ರಿಪೇರಿ ಮಾಡಿ ಎಬ್ಬಿಸಿದ ಪುಣ್ಯಾತ್ಮ ನಮ್ಮ ಮನೆಯಲ್ಲೇ ಹಸಿದು ಕೂತಿರುತ್ತಿದ್ದರು.

ಎಲ್ಲಕ್ಕಿಂತ ಮಿಗಿಲಾಗಿ, ಆ ಒಲೆಯ ಮುಂದೆ ನಿಲ್ಲಬೇಕು. ನಮ್ಮ ಅತ್ತೆ ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಇಡೀ ದಿನ ಕೂತಾರು. ನಿಂತುಕೋ ಎಂದರೆ ಚಹಾ ಕುದಿಯುವಷ್ಟು ಹೊತ್ತೂ ಮೊಣಕಾಲು ತಡೆಯುವುದಿಲ್ಲ. ಹೀಗಾಗಿ, ಜೀವಮಾನವಿಡೀ ಈ ಮನೆಗೆ, ತೋಟದಲ್ಲಿ ಲಿಂಬೆ ಆಯಲು ಬರುವ ಹೆಣ್ಣುಮಕ್ಕಳಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಬೀಗರಿಗೆ ರೊಟ್ಟಿ ಹಾಕಿದ ಹೆಂಗಸು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರು. ನಾವು ಇಂಡಿಯ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದ, ಒಣಗಿಸಿದ ಕಟಕ ರೊಟ್ಟಿ ತರತೊಡಗಿದೆವು. ಅತ್ತೆ ಒಂದನ್ನು ಕೈಗೆತ್ತಿಕೊಂಡು ಮುರಿದರು, ಮತ್ತೆ ತಟ್ಟೆಯಲ್ಲಿಟ್ಟರು.

"ಇದು ಯಾರ ಕೈಯಂದು?" ಎಂದು ಕೇಳಿದರು.

ಯಾರಿಗಾದರೂ ಹೇಗೆ ಗೊತ್ತಿರುತ್ತದೆ? ಅವರು ಆ ದಿನ ಮಜ್ಜಿಗೆ ಅನ್ನ ಉಂಡು ಎದ್ದರು, ಮರುದಿನವೂ ಹಾಗೇ ಮಾಡಿದರು. ತುಂಬಿದ ಮನೆಯಲ್ಲಿ ಅವರೊಬ್ಬರೇ ಅತಿಥಿಯಂತೆ ಕೂತಿರುತ್ತಿದ್ದರು, ಮಾನ್ಯರೇ. ಗ್ಯಾಸು ತರೋಣ ಎಂದವಳು ನಾನೇ. ಹೊಗೆ ಇಲ್ಲ, ಉರಿ ಇದೆ. ಕರೆಂಟಿನ ಭಕ್ತರೂ ಕೊನೆಗೆ ಬಾಯಿ ಮುಚ್ಚಿಕೊಂಡು ಒಪ್ಪಿದರು.

ಸಿಲಿಂಡರು ಬಂತು, ಒಲೆ ಬಂತು. ತಾವು ಬಂದು ನೋಡಿ ಒಪ್ಪುವವರೆಗೆ ಸೀಲು ಒಡೆಯುವಂತಿಲ್ಲ ಎಂಬ ಅಪ್ಪಣೆಯೂ ಬಂತು. ಜೊತೆಗೆ ತಮ್ಮ ಕಚೇರಿಯವರು ಫೋನಿನಲ್ಲಿ ಒಂದು ನಿಯಮ ಹೇಳಿದರು: ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಅದೇ ಹೊತ್ತಿಗೆ ನನಗೆ ಮುದ್ದೇಬಿಹಾಳದಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಬಿತ್ತು. ನಿಯಮವನ್ನು ಮನೆಯ ಇಬ್ಬರು ವಿದ್ವಾಂಸರ ಕೈಗೆ ಒಪ್ಪಿಸಿ ಬಸ್ಸು ಹತ್ತಿದೆ. ತಾಯಿ ಮಗ ಕೂಡಿ ಯೋಚನೆ ಮಾಡಿದರು. ಅವ್ವ ಕೂರುವುದು ನೆಲದ ಮೇಲೆ, ಆದ್ದರಿಂದ ಒಲೆಯೂ ನೆಲದ ಮೇಲೆಯೇ ಇರಬೇಕು. ಒಲೆಯನ್ನು ಏರಿಸಲಾಗದಿದ್ದರೆ ಸಿಲಿಂಡರನ್ನು ಇಳಿಸಬೇಕು. ಎಲ್ಲಿಗೆ ಇಳಿಸುವುದು? ನಮ್ಮ ಅಡುಗೆಮನೆಯ ಮೂಲೆಯಲ್ಲಿ ಹಿಂದಿನವರು ಜೋಳ ತುಂಬಿಡುತ್ತಿದ್ದ ಹಗೇವು ಇದೆ. ಎಷ್ಟೋ ವರ್ಷದಿಂದ ಬಾಯಿಗೆ ಕಲ್ಲು ಮುಚ್ಚಿದ್ದ ಆ ನೆಲಗುಂಡಿಯನ್ನು ತೆರೆದು, ಹಗ್ಗ ಕಟ್ಟಿ, ಅರಿಶಿಣ ಕುಂಕುಮ ಹಚ್ಚಿ, ಸಿಲಿಂಡರನ್ನು ಒಳಗಿಳಿಸಿದರು. ಒಲೆ ಮೇಲೆ, ಸಿಲಿಂಡರು ಕೆಳಗೆ; ನಿಯಮ ಪಾಲನೆಯಾಯಿತೆಂದು ಸಂತೋಷಪಟ್ಟರು.

ತಾವು ಮೊದಲ ಸಲ ಬಂದದ್ದು ಆ ದಿನ. ನಾನು ಬಸ್ಸಿಳಿದು ಓಣಿಗೆ ಕಾಲಿಟ್ಟಾಗ ತಾವು ಒಂದೇ ಚಪ್ಪಲಿಯಲ್ಲಿ ನಡುಬೀದಿಯಲ್ಲಿ ನಿಂತಿದ್ದಿರಿ. ಒಳಗೆ ನಡೆದದ್ದು ಆಮೇಲೆ ತಿಳಿಯಿತು. ಗುಂಡಿ ನೋಡಿ ತಾವು, ಒಳಗೆ ಗಾಳಿ ಹೇಗಿದೆಯೋ ಏನೋ ಎಂದಿರಂತೆ. ನಮ್ಮ ಕಡೆ ಹಗೇವು ತೆರೆದಾಗ ಒಳಗಿನ ಗಾಳಿ ಕೆಟ್ಟಿದೆಯೋ ನೋಡಲು ದೀಪ ಇಳಿಸುವುದು ವಾಡಿಕೆ. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಹಿರಿಯರು ಜೀವ ಕಳೆದುಕೊಂಡು ಕಲಿತ ಪಾಠ ಅದು. ಅತ್ತೆ ಅತಿಥಿಯ ಸಂಶಯ ತೀರಿಸಲು ಕಂದೀಲು ಹೊತ್ತಿಸಿ, ಹಗ್ಗ ಕಟ್ಟಿ, "ನಿಮ್ಮ ಕಣ್ಣಾರೆ ನೋಡ್ರಿ ಸಾಹೇಬ್ರ" ಎನ್ನುತ್ತ ಸಿಲಿಂಡರಿನ ಪಕ್ಕಕ್ಕೇ ಇಳಿಬಿಟ್ಟರಂತೆ. ತಾವು ಅದನ್ನು ನೋಡಲು ನಿಲ್ಲಲಿಲ್ಲ.

ಆ ದಿನದ ನಪಾಸನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ, ಗುಂಡಿಯಲ್ಲಿ ಅದನ್ನಿಡುವುದು ಸಾವಿಗೆ ಕರೆ ಕಳಿಸಿದಂತೆ ಎಂದು ನಾನು ಪ್ರತಿ ವರ್ಷ ಊರ ಮಕ್ಕಳಿಗೆಲ್ಲ ಕಲಿಸುತ್ತೇನೆ; ನನ್ನ ಮನೆಗೇ ಕಲಿಸಿರಲಿಲ್ಲ. ಆ ಸಂಜೆಯೇ ಸಿಲಿಂಡರು ಮೇಲೆ ಬಂತು, ಹಗೇವಿಗೆ ಮಣ್ಣು ಬಿತ್ತು. ಮುತ್ತುರಾಜ ಅವರು ನಾಲ್ಕು ದಿನ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಇನ್ನು ಒಲೆಯನ್ನು ಏರಿಸುವುದೇ ಸೈ ಎಂದಾಯಿತು. ಹಾಗಾದರೆ ಅವ್ವನ ಗತಿ ಏನು ಎಂದು ನಾವಿಬ್ಬರೂ ಗುಸುಗುಸು ಮಾತಾಡುತ್ತಿದ್ದಾಗ ಕಂಬದ ಕಡೆಯಿಂದ ಮಾತು ಬಂತು.

"ಒಲಿ ಮ್ಯಾಲ ಏರಬೇಕಂದ್ರ ನಾನೂ ಏರ್ತೇನಿ. ಅದಕ್ಯಾಕ ಇಷ್ಟ ಒದ್ದಾಡ್ತೀರಿ?"

ಹೀಗೆ ಹುಟ್ಟಿತು ತಾವು ಮೆಚ್ಚಿದ ಆ ಕಟ್ಟೆ. ಓಣಿಯ ಗೌಂಡಿ ಮೆಹರಾಜ ಕಟ್ಟಿದ್ದು. ಸಿಲಿಂಡರಿನ ತಲೆಗಿಂತ ಎತ್ತರ, ಮೇಲೆ ಶಹಾಬಾದ ಕಲ್ಲು, ಏರಲು ಅಗಲವಾದ ಮೆಟ್ಟಿಲು, ಹಿಡಿಯಲು ಗೋಡೆಗೆ ಕಬ್ಬಿಣದ ಪೈಪು, ಪಕ್ಕದಲ್ಲೇ ಹೊಸ ಕಿಟಕಿ. ಒಂದು ತುದಿಗೆ ಒಲೆ, ಎದುರಿಗೆ ಅತ್ತೆ, ನಡುವೆ ಕೊಣಮಿಗಿ. ಸಿಲಿಂಡರು ಕೆಳಗೆ ನೆಲದ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಓಣಿಯವರು ಬಂದು ನೋಡಿ, ಇದೇನು ಅಡುಗೆಮನೆಯೋ ಸಣ್ಣಾಟ ಆಡುವ ರಂಗದ ಅಟ್ಟವೋ ಎಂದು ನಕ್ಕರು. ಅತ್ತೆಯೂ ಮೇಲೆ ಕುಳಿತು ಅವರ ಜೊತೆ ನಕ್ಕರು. ಆಪರೇಷನ್ ಆದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಎರಡನೆಯ ಸಲ ತಾವು ಬಂದಿರಿ, ಅಳೆದಿರಿ, ಮೆಚ್ಚಿದಿರಿ. ಪೆನ್ನು ತೆಗೆದಿರಿ. ಅಡುಗೆ ಮಾಡುವವರು ಯಾರು ಎಂದಿರಿ. ಅತ್ತೆ ಪೈಪು ಹಿಡಿದು ಮೆಟ್ಟಿಲೇರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಚಾಚಿ, ಕೊಣಮಿಗಿಯ ಮುಂದೆ ಕುಳಿತರು. ತಮ್ಮ ಪೆನ್ನು ಅಲ್ಲೇ ನಿಂತಿತು.

"ಅಜ್ಜಿ, ಕೆಳಗ ಇಳೀರಿ. ಕಟ್ಟಿ ಮ್ಯಾಲ ಒಲಿ ಇರಬೇಕ್ರಿ, ಮನಷ್ಯಾರಲ್ಲ."

"ಒಲಿ ತಾನಽ ರೊಟ್ಟಿ ಬಡೀತೈತೇನ್ರಿ?" ಎಂದರು ಅತ್ತೆ.

ತಾವು ಚೀಲದಿಂದ ಸುರಕ್ಷತೆಯ ಪುಸ್ತಿಕೆ ತೆಗೆದು ಒಂದು ಚಿತ್ರ ತೋರಿಸಿದಿರಿ. ಚಿತ್ರದಲ್ಲಿ ಹೆಂಗಸೊಬ್ಬಳು ಕಟ್ಟೆಯ ಮುಂದೆ ನಿಂತು ನಗುತ್ತಿದ್ದಾಳೆ. ಬೆವರಿಲ್ಲ, ಕೈಗೆ ಹಿಟ್ಟು ಹತ್ತಿಲ್ಲ, ಬಾಣಲೆಯಲ್ಲಿ ಏನಿದೆಯೋ ದೇವರೇ ಬಲ್ಲ. ಆಕೆ ನಿಂತಿದ್ದಾಳೆ, ಆದ್ದರಿಂದ ಎಲ್ಲರೂ ನಿಲ್ಲಬೇಕು ಎಂಬುದು ತಮ್ಮ ವಾದ. ಆಕೆಗೆ ಗುಂಗುರು ಕೂದಲೂ ಇದೆ, ಅದೂ ನಿಯಮವೇ? ಪುಸ್ತಿಕೆಯನ್ನು ನಾನು ಮೊದಲಿಂದ ಕೊನೆಯವರೆಗೆ ಓದಿದೆ, ಹಿಂಬದಿಯ ಮುದ್ರಣಾಲಯದ ಹೆಸರನ್ನೂ ಬಿಡದೆ. ಒಲೆಯ ಎತ್ತರ ಹೇಳಿದೆ, ಕೊಳವೆಯ ಆಯುಷ್ಯ ಹೇಳಿದೆ, ಕಿಟಕಿ ಎಲ್ಲಿರಬೇಕೆಂದು ಹೇಳಿದೆ. ಮನುಷ್ಯರು ಕೂರಬಾರದು ಎಂದು ಎಲ್ಲೂ ಹೇಳಿಲ್ಲ. ಬರೆದವರಿಗೆ ಕೂತು ಅಡುಗೆ ಮಾಡುವವರೂ ಇದ್ದಾರೆಂಬುದೇ ಹೊಳೆದಿಲ್ಲ. ಅವರಿಗೆ ಹೊಳೆಯದ್ದಕ್ಕೆ ನಪಾಸಾಗಬೇಕಾದವರು ನಮ್ಮ ಅತ್ತೆಯೇ?

ತಾವು ಕೆಟ್ಟವರೆಂದು ನಾನು ಹೇಳುವುದಿಲ್ಲ. ಕೆಟ್ಟವರಾಗಿದ್ದರೆ ಕೆಲಸ ಸುಲಭವಿತ್ತು, ಎರಡು ಬೈದು ಸುಮ್ಮನಾಗುತ್ತಿದ್ದೆ. ತಾವು ದನಿ ತಗ್ಗಿಸಿ ನನ್ನ ಕಡೆ ತಿರುಗಿ, "ಟೀಚರ್ರ, ಅಡಗಿ ನೀವ ನಿಂತು ಮಾಡ್ತೀರಿ ಅಂತ ಬರ್ಕೋತೇನಿ. ಮುಗೀತಲ್ರಿ" ಎಂದಿರಿ. ಒಳ್ಳೆಯ ಮನಸ್ಸಿನಿಂದಲೇ ಅಂದಿರಿ. ನಾನು ಹೂಂ ಎನ್ನಲು ಬಾಯಿ ತೆರೆದೂ ಇದ್ದೆ. ತಾವು ಹೋದ ಮೇಲೆ ಯಾರು ಕೂತರೇನು, ಯಾರು ನಿಂತರೇನು? ಆಗ ಮೇಲಿನಿಂದ ಅತ್ತೆ ಹೇಳಿದ್ದು ತಮಗೆ ನೆನಪಿರಬೇಕು.

"ಆಕಿ ಹೆಸರ ಬರೀಬ್ಯಾಡ್ರಿ. ಆಕಿಗಿ ಬರೂದಿಲ್ಲ. ಈ ಮನಿ ರೊಟ್ಟಿ ನಾನಽ ಬಡೀತೇನಿ. ಹಂಗಂತ ಬರ್ಕೋರಿ."

ನನ್ನ ಮಾನ ಓಣಿಯ ಎದುರು ಹೋಯಿತು, ಇರಲಿ. ಆದರೆ ಆ ಕ್ಷಣದಲ್ಲಿ ನನಗೆ ತಿಳಿಯಿತು, ಅವರಿಗೆ ಬೇಕಾದದ್ದು ಗ್ಯಾಸು ಅಲ್ಲ. ಈ ಮನೆಯಲ್ಲಿ ಒಲೆಯ ಮುಂದಿನ ಜಾಗ ಇನ್ನೂ ತಮ್ಮದೇ ಎಂದು ಯಾರಾದರೂ ಒಪ್ಪುವುದು ಬೇಕಿತ್ತು. ಅದನ್ನು ಸುಳ್ಳಿನ ಮರೆಯಲ್ಲಿ ಕದ್ದು ತೆಗೆದುಕೊಳ್ಳಲು ಅವರು ತಯಾರಿರಲಿಲ್ಲ. ತಾವು ತಲೆ ಕೆರೆದುಕೊಂಡು ನಪಾಸು ಎಂದು ಬರೆದಿರಿ.

ಬೆಂಕಿ ಎದ್ದರೆ ವಯಸ್ಸಾದವರು ಕಟ್ಟೆಯಿಂದ ಹೇಗೆ ಇಳಿದಾರು ಎಂಬ ಭಯ ತಮ್ಮ ಮನಸ್ಸಿನಲ್ಲಿದ್ದರೆ ಅದು ಸುಳ್ಳಲ್ಲ. ಅದೊಂದನ್ನೇ ಹೇಳಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಾವು ಹೋದ ಮೇಲೆ ನಾವು ಅದನ್ನೂ ಪರೀಕ್ಷಿಸಿದೆವು. ನಾನು ಬಾಗಿಲಲ್ಲಿ ನಿಂತು ಬೆಂಕಿ ಎಂದು ಕೂಗುವುದು, ಅತ್ತೆ ಒಲೆಯ ಕಿವಿ ತಿರುಗಿಸಿ ಕೆಳಗಿಳಿದು ಹೊರಗೆ ಬರುವುದು. ನಾನು ಮಾತು ಮುಗಿಸುವಷ್ಟರಲ್ಲಿ ಅವರು ನನ್ನನ್ನು ದಾಟಿ ಅಂಗಳದಲ್ಲಿದ್ದರು. ಇನ್ನೊಮ್ಮೆ ಕೂಗು ಎಂದು ಅವರೇ ಹೇಳಿದರು. ಮೂರನೆಯ ಸಲಕ್ಕೆ ಪಕ್ಕದ ಮನೆಯ ಸುಲ್ತಾನಬಿ ನಿಜವಾಗಿಯೂ ಬೆಂಕಿ ಬಿತ್ತೆಂದು ನೀರಿನ ಕೊಡ ಹೊತ್ತು ಓಡಿ ಬಂದು ನನ್ನ ಮೈಮೇಲೆ ಸುರಿದರು. ನಿಂತು ಅಡುಗೆ ಮಾಡುವ ಮೊಣಕಾಲು ನೋವಿನ ಹೆಂಗಸು ಅಷ್ಟು ಬೇಗ ಓಡಲಾರಳು. ಬೇಕಿದ್ದರೆ ತಮ್ಮ ಎದುರೂ ಕೂಗುತ್ತೇನೆ, ಈ ಸಲ ಸುಲ್ತಾನಬಿಗೆ ಮುಂಚೆಯೇ ಹೇಳಿಟ್ಟು.

ಎಳ್ಳಮಾವಾಸ್ಯೆ ಹತ್ತಿರ ಬರುತ್ತಿದೆ. ಆ ದಿನ ಹೊಲಕ್ಕೆ ಹೋಗಿ ಭೂಮಿಗೆ ಎಡೆಯಾಗಿ ಚರಗ ಚೆಲ್ಲಿ, ಓಣಿಯವರೆಲ್ಲ ಸಾಲಾಗಿ ಕೂತು ಉಣ್ಣುವಾಗ, ನಮ್ಮ ಬುತ್ತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಜನ ಕೈ ಚಾಚುತ್ತಾರೆ. ಯಾರೂ ಯಾರ ಕೈಯದು ಎಂದು ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಈ ವರ್ಷ ಆ ಬುತ್ತಿಯಲ್ಲಿ ಪ್ಲಾಸ್ಟಿಕ್ ಚೀಲದ ರೊಟ್ಟಿ ಇಟ್ಟರೆ ನಾನು ಹೊಲಕ್ಕೆ ಹೋಗುವುದಿಲ್ಲ, ಅತ್ತೆಯಂತೂ ಮನೆಯ ಹೊಸ್ತಿಲು ದಾಟುವುದಿಲ್ಲ. ಈಗ ಅವರು ದಿನಾ ಮುಂಜಾನೆ ಆ ಕಟ್ಟೆ ಹತ್ತುತ್ತಾರೆ. ಉರಿಯದ ಒಲೆಯನ್ನು ಒರೆಸಿ, ಖಾಲಿ ಕೊಣಮಿಗಿಯನ್ನು ಎದುರಿಗೆ ಎಳೆದುಕೊಂಡು ಸ್ವಲ್ಪ ಹೊತ್ತು ಕೂತು ಇಳಿಯುತ್ತಾರೆ. ಅದನ್ನು ನೋಡಿಕೊಂಡು ನಾನು ಶಾಲೆಗೆ ಹೋಗಬೇಕು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಎಳ್ಳಮಾವಾಸ್ಯೆಗೆ ಮುಂಚೆ ತಾವು ಮೂರನೆಯ ಸಲ ಬರಬೇಕು. ಟೇಪು ಬೇಡ, ಚಿತ್ರದ ಪುಸ್ತಿಕೆಯೂ ಬೇಡ. ಅಡುಗೆ ಮಾಡುವವರು ಸೀತವ್ವ, ಕುಳಿತು ಮಾಡುತ್ತಾರೆ, ಪಾಸು ಎಂದು ಬರೆದು ಸಹಿ ಹಾಕಬೇಕು. ಅದಾಗದಿದ್ದರೆ, ಕೂರಬಾರದೆಂಬ ನಿಯಮ ಎಲ್ಲಿದೆಯೋ ಅದನ್ನು ತಂದು ಅತ್ತೆಗೆ ಓದಿ ಹೇಳಬೇಕು. ನಿಂತುಕೊಂಡು ಓದಿ.

ಕೊನೆಯದಾಗಿ ಒಂದು ಮಾತು. ಎರಡನೆಯ ಸಲ ಬಂದ ದಿನ ಚಹಾ ಕುಡಿಯುವಾಗ ಅತ್ತೆ ತಮ್ಮ ಊರು ಕೇಳಿದರು, ಬಸವನ ಬಾಗೇವಾಡಿ ಕಡೆಯವರೆಂದಿರಿ. ತಾಯಿ ಇದ್ದಾರೇನು ಎಂದು ಕೇಳಿದರು, ಇಂಡಿಯ ಕ್ವಾರ್ಟರ್ಸಿನಲ್ಲಿ ತಮ್ಮ ಜೊತೆಗೇ ಇದ್ದಾರೆ ಎಂದಿರಿ. ರೊಟ್ಟಿ ಯಾರು ಮಾಡುತ್ತಾರೆ ಎಂದದ್ದಕ್ಕೆ ತಾವು ಕೈಯಲ್ಲಿದ್ದ ಕಪ್ಪು-ಬಸಿಯನ್ನೇ ನೋಡುತ್ತ, "ಈಗ ತರಸ್ತೇವ್ರಿ. ಅವ್ವಗ ನಿಂದ್ರಾಕ ಆಗೂದಿಲ್ಲ" ಎಂದಿರಿ. ತಮ್ಮ ಮನೆಯ ಮಾತನ್ನು ಬೀದಿಗೆ ತಂದೆನೆಂದು ಸಿಟ್ಟಾಗಬೇಡಿ. ನಮ್ಮ ಮನೆಯ ಹಗೇವನ್ನೇ ನಾನು ಊರ ಮುಂದೆ ತೆರೆದಿಟ್ಟಿದ್ದೇನೆ. ತಾವು ಹೋದ ಮೇಲೆ ಅತ್ತೆ ಕಟ್ಟೆಯ ಮೇಲೆ ಕೂತಲ್ಲೇ ಆಚೆ ಈಚೆ ಸರಿದು ಅಳತೆ ನೋಡಿಕೊಂಡರು. ಈ ಪತ್ರದಲ್ಲಿ ಇದನ್ನು ಮರೆಯದೆ ಬರೆ ಎಂದು ಇವತ್ತು ಹೇಳಿದ್ದಾರೆ, ಅವರ ಮಾತಲ್ಲೇ ಬರೆಯುತ್ತೇನೆ:

"ಬರೂವಾಗ ಅವ್ವನ್ನ ಕರ್ಕೊಂಡ ಬರ್ರಿ. ಕಟ್ಟಿ ಇಬ್ಬರಿಗೆ ಸಾಲತೈತಿ."

ಇಂತಿ,
ನಪಾಸಾದ ಅತ್ತೆಯ, ರೊಟ್ಟಿ ಬಾರದ ಸೊಸೆ,
ಪ್ರಜ್ಞಾ
ವಿಜ್ಞಾನ ಶಿಕ್ಷಕಿ, ಸಾಲೋಟಗಿ